ಬಾಳಸಂಗಾತಿಯ ಮತಿ ಕದಡಿದಾಗ

ಅಲ್ಲಾಹನು ಮಾನವನಿಗೆ ದಯಪಾಲಿಸಿರುವ ಅನುಗ್ರಹಗಳನ್ನು ಎಣಿಸಿ ಮುಗಿಸಲು ಯಾರಿಂದಲೂ ಸಾಧ್ಯವಿಲ್ಲ. ಅವುಗಳಲ್ಲಿ ಕೆಲವನ್ನು ನಾವು ಅನುಗ್ರಹವೆಂದು ಗುರುತಿಸುವುದೇ ಇಲ್ಲ. ನೆನಪು ಅಂಥದ್ದೊಂದು ಅನುಗ್ರಹ. ಫಜ್ರ್ ನಮಾಝಿಗೆ ಎದ್ದವನಿಗೆ ತಾನು ಯಾರು, ಮಸೀದಿಯ ದಾರಿ ಯಾವುದು, ತಾನೀಗ ಎಷ್ಟನೆಯ ರಕಅತ್‌ನಲ್ಲಿದ್ದೇನೆ, ಮರಳಿ ಬಂದಾಗ ಒಲೆಯ ಮುಂದೆ ಚಹಾ ಕಾಯಿಸುತ್ತಿರುವಾಕೆ ಯಾರು ಎಂಬುದೆಲ್ಲ ತಾನಾಗಿಯೇ ತಿಳಿದಿರುತ್ತದೆ. ಕಣ್ಣಿಗಾಗಿ, ಕಿವಿಗಾಗಿ, ಅನ್ನಕ್ಕಾಗಿ ಅಲ್ಲಾಹನನ್ನು ಸ್ತುತಿಸುವ ನಾವು ಇದಕ್ಕಾಗಿ ಸ್ತುತಿಸಿದ್ದೇವೆಯೇ?

ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಅದು ಬಬಲೇಶ್ವರದ ಸುತ್ತಮುತ್ತಲಿನ ಯಾವುದೇ ಹಳ್ಳಿಯ ಮನೆಯಾಗಿರಬಹುದು. ಮನೆಯ ಯಜಮಾನರಿಗೆ ಅರವತ್ತೈದರ ಆಸುಪಾಸು. ನಿನ್ನೆ ಸಂಜೆಯವರೆಗೆ ದ್ರಾಕ್ಷಿ ತೋಟದ ಖರ್ಚು-ವೆಚ್ಚವನ್ನು ಬಾಯಲ್ಲೇ ಒಪ್ಪಿಸುತ್ತಿದ್ದವರು. ಇಂದು ಬೆಳಿಗ್ಗೆ ಹೆಂಡತಿಯ ಮುಖ ನೋಡಿ, "ಇದು ಯಾರ ಮನಿ? ನನ್ನ ಮನೀಗೆ ಬಿಡ್ರಿ" ಎನ್ನುತ್ತಾರೆ. "ಇದು ನಿಮ್ಮ ಮನೀನ ಐತ್ರೀ" ಎಂದು ಆಕೆ ಹೇಳುತ್ತಾಳೆ. ಐದು ನಿಮಿಷ ಕಳೆಯುವುದರೊಳಗೆ ಮತ್ತೆ ಅದೇ ಪ್ರಶ್ನೆ. ಎಂದೋ ತೀರಿಹೋದ ಅಣ್ಣನನ್ನು ಹೆಸರು ಹಿಡಿದು ಕರೆಯುತ್ತಾರೆ. ಚಹಾದ ಲೋಟವನ್ನು ಹಿಡಿದವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತುಬಿಡುತ್ತಾರೆ.

ಅಷ್ಟರಲ್ಲಿ ಮನೆಯ ಪಡಸಾಲೆ ತುಂಬುತ್ತದೆ. ಬಂದವರಲ್ಲಿ ಒಬ್ಬರು, "ವಯಸ್ಸಾತು, ಅರಳು ಮರಳು" ಎನ್ನುತ್ತಾರೆ. ಇನ್ನೊಬ್ಬರು, "ಗಾಳಿ ಬಡದೈತಿ" ಎನ್ನುತ್ತಾರೆ. ಮೂರನೆಯವರು ದನಿ ತಗ್ಗಿಸಿ, "ಯಾರೋ ಮಾಡಿಸ್ಯಾರ" ಎನ್ನುತ್ತಾರೆ. ಮೊದಲನೆಯ ಮಾತು ಕೇಳಿದವರು ಸುಮ್ಮನಿರುತ್ತಾರೆ. ಎರಡನೆಯ ಮಾತು ಕೇಳಿದವರು ತಾಯಿತ ತರಲು ಹೋಗುತ್ತಾರೆ. ಮೂರನೆಯ ಮಾತು ಕೇಳಿದವರು ಶತ್ರುವನ್ನು ಹುಡುಕುತ್ತಾರೆ. ಆಸ್ಪತ್ರೆಗೆ ಹೋಗಬೇಕಾಗಿದ್ದ ಸಮಯ ಹೀಗೆಯೇ ಕಳೆದುಹೋಗುತ್ತದೆ. ಗಂಡನ ಪ್ರಾಣವೋ, ಬುದ್ಧಿಯೋ, ಒಂದು ಕೈಯ ಶಕ್ತಿಯೋ ಆ ಕೆಲವು ಗಂಟೆಗಳಲ್ಲಿಯೇ ನಿರ್ಧಾರವಾಗಬಹುದೆಂಬುದು ಪಡಸಾಲೆಯಲ್ಲಿ ಕುಳಿತವರ ಗಮನಕ್ಕೆ ಬರುವುದೇ ಇಲ್ಲ.

ಇಂಥ ಗಳಿಗೆಯಲ್ಲಿ ಸತ್ಯವಿಶ್ವಾಸಿಯಾದ ಪತ್ನಿಯ, ಅಥವಾ ಪತಿಯ, ಕರ್ತವ್ಯವೇನು?

ಹ. ಖದೀಜಾರ(ರ) ಮಾದರಿ

ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾದಾಗ ಪ್ರವಾದಿವರ್ಯರು(ಸ) ನಡುಗುತ್ತ ಮನೆಗೆ ಮರಳಿದರು. ಅದು ರೋಗವಾಗಿರಲಿಲ್ಲ. ಅದು ಅಲ್ಲಾಹನ ಸಂದೇಶದ ಭಾರ. ಆದ್ದರಿಂದ ಆ ಸ್ಥಿತಿಯನ್ನು ಯಾವ ಕಾಯಿಲೆಗೂ ಹೋಲಿಸುವುದು ಸಲ್ಲದು. ಆದರೆ ಪತಿಯನ್ನು ಹಿಂದೆಂದೂ ಕಾಣದ ಸ್ಥಿತಿಯಲ್ಲಿ ಕಂಡ ಪತ್ನಿಯೊಬ್ಬರು ಹೇಗೆ ನಡೆದುಕೊಂಡರೆಂಬುದರಲ್ಲಿ ನಮ್ಮೆಲ್ಲರಿಗೂ ಪಾಠವಿದೆ. ಹ. ಆಇಶಾರಿಂದ(ರ) ವರದಿಯಾದ, ಬುಖಾರಿಯಲ್ಲಿರುವ ಆ ಪ್ರಸಂಗವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಹ. ಖದೀಜಾ(ರ) ಅಂದು ಮಾಡಿದ ಕೆಲಸಗಳ ಕ್ರಮವನ್ನು ಗಮನಿಸಿರುವುದು ಅಪರೂಪ.

ತನಗೆ ಹೊದಿಸಬೇಕೆಂದು ಪ್ರವಾದಿವರ್ಯರು(ಸ) ಹೇಳಿದಾಗ ಅವರು ಮೊದಲು ಹೊದಿಸಿದರು. ಏನಾಯಿತು, ಯಾಕಾಯಿತು ಎಂದು ಪ್ರಶ್ನೆಗಳ ಸುರಿಮಳೆಗರೆಯಲಿಲ್ಲ. ಭೀತಿ ಇಳಿಯುವವರೆಗೆ ಬಳಿಯಲ್ಲಿಯೇ ಇದ್ದರು. ಅನಂತರ ಧೈರ್ಯ ತುಂಬಿದರು. ತಾವು ಬಂಧುಗಳೊಂದಿಗೆ ಸಂಬಂಧ ಉಳಿಸಿಕೊಳ್ಳುವವರು, ದುರ್ಬಲರ ಹೊರೆ ಹೊರುವವರು, ಅತಿಥಿಗಳನ್ನು ಸತ್ಕರಿಸುವವರು, ತಮ್ಮನ್ನು ಅಲ್ಲಾಹನು ಎಂದೂ ಅಪಮಾನಕ್ಕೆ ಗುರಿಪಡಿಸಲಾರನು ಎಂಬರ್ಥದ ಮಾತುಗಳನ್ನಾಡಿದರು. ಅಂದರೆ, ಪತಿ ಎಂಥವರೆಂಬುದನ್ನು ಅವರಿಗೇ ನೆನಪಿಸಿಕೊಟ್ಟರು. ಕೊನೆಗೆ, ಈ ವಿಷಯದಲ್ಲಿ ಜ್ಞಾನವಿದ್ದ ಒಬ್ಬರ ಬಳಿಗೆ, ತಮ್ಮ ಬಂಧು ವರಕಾ ಬಿನ್ ನೌಫಲ್‌ರ ಬಳಿಗೆ, ಪತಿಯನ್ನು ಕರೆದುಕೊಂಡು ಹೋದರು. ಮಕ್ಕಾದ ಬೀದಿಯಲ್ಲಿ ನಿಂತು ನೆರೆಹೊರೆಯವರನ್ನು ಕೂಗಿ ಕರೆಯಲಿಲ್ಲ. ಅಂದಿನ ಅರೇಬಿಯಾದಲ್ಲಿ ಕಾಹಿನರಿಗೂ ಮಂತ್ರವಾದಿಗಳಿಗೂ ಕೊರತೆಯಿರಲಿಲ್ಲ. ಅವರಾರ ಬಾಗಿಲಿಗೂ ಹೋಗಲಿಲ್ಲ. ಬಲ್ಲವರ ಬಳಿಗೆ ಹೋದರು.

ಸಂಗಾತಿಯ ಬುದ್ಧಿ ಹಠಾತ್ತನೆ ಕದಡಿದಾಗ ಬಲ್ಲವರೆಂದರೆ ಯಾರು? ವೈದ್ಯರು. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗ ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯಬೇಕೆಂದೂ, ಒಂದನ್ನುಳಿದು ಅಲ್ಲಾಹನು ಔಷಧಿಯಿಲ್ಲದ ಯಾವ ರೋಗವನ್ನೂ ಇಳಿಸಿಲ್ಲವೆಂದೂ, ಆ ಒಂದು ಮುದಿತನವೆಂದೂ ತಿಳಿಸಿದರು (ಅಬೂದಾವೂದ್, ತಿರ್ಮಿದಿ). "ನೋಡಿ, ಮುದಿತನಕ್ಕೆ ಮದ್ದಿಲ್ಲವಲ್ಲ" ಎಂದು ಇದೇ ಹದೀಸನ್ನು ಹಿಡಿದು ಸುಮ್ಮನೆ ಕುಳಿತವರೂ ಇದ್ದಾರೆ. ಅವರಿಗೆ ಒಂದು ಪ್ರಶ್ನೆ: ಮುದಿತನವು ಒಂದೇ ರಾತ್ರಿಯಲ್ಲಿ ಬರುತ್ತದೆಯೇ? ಕೂದಲು ನರೆಯಲು ವರ್ಷಗಳು ಬೇಕು, ಬೆನ್ನು ಬಾಗಲು ವರ್ಷಗಳು ಬೇಕು. ನಿನ್ನೆ ಸರಿಯಿದ್ದ ಬುದ್ಧಿ ಇಂದು ಕೆಟ್ಟಿದ್ದರೆ ಅದು ಮುದಿತನವಲ್ಲ, ಅದು ರೋಗ. ಮತ್ತು ರೋಗಕ್ಕೆ ಔಷಧಿಯುಂಟೆಂದು ಹೇಳಿದವರು ಸ್ವತಃ ಅಲ್ಲಾಹನ ಸಂದೇಶವಾಹಕರು(ಸ).

ಏನಾಗಿರಬಹುದು?

ಮೆಲ್ಲಮೆಲ್ಲನೆ, ತಿಂಗಳುಗಳಿಂದ ವರ್ಷಗಳವರೆಗೆ ಬೆಳೆಯುವ ಮರೆವು ಬೇರೆ. ಕೆಲವು ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಬಂದೆರಗುವ ಗೊಂದಲ ಬೇರೆ. ಎರಡನೆಯದನ್ನು ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಅದು ಒಂದು ಗಳಿಗೆ ಇಳಿಯುತ್ತದೆ, ಇನ್ನೊಂದು ಗಳಿಗೆ ಏರುತ್ತದೆ, ರಾತ್ರಿಯಾದಂತೆ ಹೆಚ್ಚುತ್ತದೆ. ರೋಗಿಗೆ ಯಾವ ಮಾತಿನ ಮೇಲೂ ಗಮನ ನಿಲ್ಲುವುದಿಲ್ಲ. ಇಲ್ಲದವರನ್ನು ಕಾಣುವುದೂ ಉಂಟು. "ಗಾಳಿ ಬಡಿದಿದೆ" ಎಂಬ ಮಾತು ಹುಟ್ಟಿದ್ದು ಬಹುಶಃ ಇಂಥ ರೋಗಿಗಳನ್ನು ನೋಡಿಯೇ ಇರಬೇಕು.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಮೊದಲು ನೋಡಬೇಕಾದುದು ರಕ್ತದ ಸಕ್ಕರೆಯನ್ನು. ಅದು 70ಕ್ಕಿಂತ ಕೆಳಗಿಳಿದರೆ ಮೈ ಬೆವರುತ್ತದೆ, ಕೈ ನಡುಗುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಎದುರಿದ್ದವರ ಗುರುತು ಸಿಗದಂತಾಗುತ್ತದೆ, ಕೆಲವರು ಸಿಟ್ಟಿಗೆದ್ದು ಬೈಯುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಾದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಉಸಿರಿನ ನಾಳಕ್ಕೆ ಇಳಿಯುತ್ತದೆ. ಸಕ್ಕರೆ ನೀರಿನಿಂದ ಸರಿಹೋದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ಕೆಲವು ಗುಳಿಗೆಗಳ ಪ್ರಭಾವ ದಿನವಿಡೀ ಇರುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ರಮಝಾನಿನಲ್ಲಿ ಈ ಅಪಾಯ ಹೆಚ್ಚು. ಉಪವಾಸ ಹಿಡಿಯುವ ಸಕ್ಕರೆ ರೋಗಿಗಳು ಶಾಬಾನ್ ತಿಂಗಳಲ್ಲಿಯೇ ವೈದ್ಯರನ್ನು ಕಂಡು ಗುಳಿಗೆಯ ಸಮಯ ಮತ್ತು ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ಸಕ್ಕರೆ 70ಕ್ಕಿಂತ ಇಳಿದರೂ 300ಕ್ಕಿಂತ ಏರಿದರೂ ಉಪವಾಸವನ್ನು ಮುರಿಯಬೇಕೆಂಬುದು ವೈದ್ಯರ ಸಲಹೆ. "ಇನ್ನೇನು ಇಫ್ತಾರಿಗೆ ಒಂದೇ ತಾಸು ಐತಿ" ಎಂದು ಹಠ ಹಿಡಿಯುವುದು ಭಕ್ತಿಯಲ್ಲ. ರೋಗಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ರಿಯಾಯಿತಿಯನ್ನು ಕೊಟ್ಟವನು ಅಲ್ಲಾಹನೇ. ಅವನ ರಿಯಾಯಿತಿಯನ್ನು ತಿರಸ್ಕರಿಸಲು ನಾವು ಯಾರು?

ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೆ, ಒಂದು ಕೈ ಮೇಲಕ್ಕೆ ಏಳದಿದ್ದರೆ, ಮಾತು ತೊದಲುತ್ತಿದ್ದರೆ ಅಥವಾ ಅರ್ಥವಿಲ್ಲದ ಮಾತು ಬರುತ್ತಿದ್ದರೆ ಅದು ಪಾರ್ಶ್ವವಾಯು, ಜನ ಲಕ್ವಾ ಎನ್ನುವ ರೋಗ. ಕೆಲವೊಮ್ಮೆ ಕೈಕಾಲು ಸರಿಯಿದ್ದು ಮಾತೊಂದೇ ಕೆಡುತ್ತದೆ, ಮನೆಯವರು ತಲೆ ಕೆಟ್ಟಿತೆಂದು ತಿಳಿಯುತ್ತಾರೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ರೋಗ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಆದುದರಿಂದ, "ಕೊನೆಯದಾಗಿ ಇವರು ಸರಿಯಿದ್ದುದನ್ನು ಎಷ್ಟು ಗಂಟೆಗೆ ನೋಡಿದಿರಿ?" ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಹೇಳಬಲ್ಲವರು ಜೊತೆಗೆ ಮಲಗೆದ್ದ ಸಂಗಾತಿ ಮಾತ್ರ. ಬಬಲೇಶ್ವರದಿಂದಾಗಲಿ ತಿಕೋಟಾದಿಂದಾಗಲಿ ವಿಜಯಪುರಕ್ಕೆ ವಾಹನದಲ್ಲಿ ಒಂದು ಗಂಟೆಯ ಒಳಗಿನ ದಾರಿ. ಅಲ್ಲಿ ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ನಾಲ್ಕೂವರೆ ಗಂಟೆಯ ಲೆಕ್ಕ ತಪ್ಪುವುದು ದಾರಿಯಲ್ಲಲ್ಲ, ಪಡಸಾಲೆಯಲ್ಲಿ.

ವಯಸ್ಸಾದವರಲ್ಲಿ ಮೂತ್ರದ ಸೋಂಕೂ, ನ್ಯುಮೋನಿಯಾವೂ ಜ್ವರವಿಲ್ಲದೆಯೇ ಬರಬಹುದು. ಗೊಂದಲವೊಂದೇ ಅದರ ಗುರುತಾಗಿರುತ್ತದೆ. ವಾಂತಿ ಭೇದಿಯಿಂದ, ಅಥವಾ ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳಿಂದ, ದೇಹದ ಉಪ್ಪಿನಂಶ ಇಳಿದಾಗಲೂ ಹೀಗಾಗುತ್ತದೆ. ನಿದ್ರೆಯ ಗುಳಿಗೆಗಳಿಂದಲೂ ಆಗಬಹುದು. ಎರಡು ಮೂರು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು "ಏನೂ ಆಗಿಲ್ಲ" ಎಂದು ಎದ್ದವರ ತಲೆಯೊಳಗೆ ರಕ್ತ ನಿಧಾನವಾಗಿ ಕೂಡಿಕೊಂಡು ಮಿದುಳನ್ನು ಒತ್ತುವುದುಂಟು. ಸ್ಕ್ಯಾನ್ ಮಾಡಿದರೆ ತಿಳಿಯುತ್ತದೆ, ಆ ರಕ್ತವನ್ನು ಹೊರತೆಗೆದರೆ ಎಷ್ಟೋ ಮಂದಿ ಮೊದಲಿನಂತಾಗುತ್ತಾರೆ. ಇಂಥವರಿಗೆ "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ಹೇಳಿ ಮೂಲೆಯಲ್ಲಿ ಕೂರಿಸುವುದು ಎಂಥ ಅನ್ಯಾಯ!

ನಮ್ಮ ಸೀಮೆಗೆ ವಿಶೇಷವಾಗಿ ಹೇಳಬೇಕಾದ ಎರಡು ಮಾತುಗಳಿವೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಹೊಲದಿಂದ ಬಂದವರು ಅಸಂಬದ್ಧವಾಗಿ ಮಾತನಾಡತೊಡಗಿ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರಿಯ ಬಳಲಿಕೆಯಲ್ಲ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ದ್ರಾಕ್ಷಿ ತೋಟಕ್ಕೆ ಎಣ್ಣಿ ಹೊಡೆದು ಬಂದವರ ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಕಣ್ಣಿನ ಪಾಪೆ ಕಿರಿದಾಗಿ ಬುದ್ಧಿ ಮಂಕಾಗಿದ್ದರೆ ಅದು ವಿಷ. ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಲ್ಲಿ ತೊಳೆದು, ಔಷಧದ ಬಾಟಲಿಯನ್ನು ಜೊತೆಗೆ ಒಯ್ಯಬೇಕು.

ಇನ್ನೊಂದು ವಿಚಿತ್ರ ಸ್ಥಿತಿಯಿದೆ. ಐವತ್ತು ದಾಟಿದವರಲ್ಲಿ, ಕೆಲವೊಮ್ಮೆ ತಣ್ಣೀರಿಗೆ ಇಳಿದ ಬಳಿಕ ಅಥವಾ ದೊಡ್ಡ ಆಘಾತದ ಬಳಿಕ, ಹೊಸ ನೆನಪು ನಿಲ್ಲುವುದೇ ಹಠಾತ್ತನೆ ಬಂದ್ ಆಗುತ್ತದೆ. ಹೆಂಡತಿಯ ಗುರುತಿರುತ್ತದೆ, ತನ್ನ ಹೆಸರು ತಿಳಿದಿರುತ್ತದೆ. ಆದರೆ "ನಾವ್ಯಾಕ ಇಲ್ಲಿಗೆ ಬಂದೀವಿ?" ಎಂದು ಹತ್ತಾರು ಬಾರಿ ಕೇಳುತ್ತಾರೆ. ಒಂದು ದಿನದೊಳಗೆ ಅದು ತಾನಾಗಿ ಸರಿಹೋಗುತ್ತದೆ, ಆ ಗಂಟೆಗಳ ನೆನಪು ಮಾತ್ರ ಮರಳುವುದಿಲ್ಲ. ಇದು ನಿರಪಾಯಕಾರಿ. ಆದರೆ ಇದು ಅದೇ ಹೌದೆಂದು ಹೇಳುವ ಅಧಿಕಾರ ಪಕ್ಕದ ಮನೆಯವರಿಗಿಲ್ಲ. ಪರೀಕ್ಷಿಸಿ ಹೇಳಬೇಕಾದವರು ವೈದ್ಯರು.

ಬಾಣಂತಿಯ ವಿಷಯ

ಸಂಗಾತಿ ಎಂದೊಡನೆ ವೃದ್ಧರೇ ನೆನಪಾಗಬೇಕಾಗಿಲ್ಲ. ಹೆರಿಗೆಯಾದ ಎರಡು ವಾರಗಳೊಳಗೆ ಇಪ್ಪತ್ತು-ಇಪ್ಪತ್ತೈದರ ಹೆಣ್ಣುಮಗಳು ನಿದ್ರೆಯಿಲ್ಲದೆ, ಒಮ್ಮೆ ನಕ್ಕು ಒಮ್ಮೆ ಅತ್ತು, ಮಗು ತನ್ನದಲ್ಲವೆಂದು ಹೇಳತೊಡಗಿದರೆ ಮನೆಯವರು ಏನೆನ್ನುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡು ಬಾಣಂತಿಯರಿಗೆ ಬರುವ ಕಾಯಿಲೆ ಇದು. ಚಿಕಿತ್ಸೆಯಿಂದ ಬಹುತೇಕರು ಪೂರ್ಣವಾಗಿ ಗುಣ ಹೊಂದುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದಕ್ಕೆ ವೈದ್ಯರಿದ್ದಾರೆ. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ ಕೆಲವು ಮನೆಗಳಲ್ಲಿ ಇಂದಿಗೂ ಇದೆ. ಹೆರಿಗೆಯ ಬಳಿಕ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ನೀರಿನಂಶ ಕಡಿಮೆಯಾದರೆ ಮಿದುಳಿನಿಂದ ರಕ್ತ ಹೊರಬರುವ ನಾಳಗಳಲ್ಲಿಯೇ ಹೆಪ್ಪುಗಟ್ಟಬಹುದು. ತಡೆಯಲಾರದ ತಲೆನೋವು, ಫಿಟ್ಸ್, ಗೊಂದಲ ಅದರ ಲಕ್ಷಣಗಳು. ಶರೀಅತ್ ಬಾಣಂತಿಗೆ ನಮಾಝಿನಿಂದಲೂ ಉಪವಾಸದಿಂದಲೂ ವಿನಾಯಿತಿ ಕೊಟ್ಟಿದೆ. ನಾವು ಅವಳಿಗೆ ಕುಡಿಯುವ ನೀರನ್ನೂ ಲೆಕ್ಕ ಹಾಕಿ ಕೊಡುತ್ತೇವೆ!

ಜ್ವರದೊಂದಿಗೆ ವಿಚಿತ್ರ ವರ್ತನೆ ಕಾಣಿಸಿಕೊಂಡ ಯುವಕ-ಯುವತಿಯರಿಗೂ ಇದೇ ಮಾತು ಅನ್ವಯಿಸುತ್ತದೆ. ಅದು ಮಿದುಳು ಜ್ವರವಾಗಿರಬಹುದು, ಅದರಲ್ಲಿ ಒಂದೊಂದು ದಿನವೂ ಮುಖ್ಯ.

ದುಆ ಮಾಡಬಾರದೇ? ಖಂಡಿತ ಮಾಡಬೇಕು. ಸೂರಃ ಅಲ್ ಫಾತಿಹಾ ಓದಿ ರೋಗಿಯ ಮೇಲೆ ಊದುವುದಕ್ಕೆ ಪ್ರವಾದಿವರ್ಯರ(ಸ) ಅನುಮತಿಯಿದೆ. ಆಂಬುಲೆನ್ಸಿನಲ್ಲಿ ಕುಳಿತೇ ಓದಬಹುದು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಕಲಿಸಿದ ಧರ್ಮ ನಮ್ಮದು. ಆದರೆ ದುಆದ ಹೆಸರಿನಲ್ಲಿ ರೋಗಿಗೆ ಮೆಣಸಿನ ಹೊಗೆ ಹಾಕುವುದು, ಬೆತ್ತದಿಂದ ಹೊಡೆಯುವುದು, ಸರಪಣಿಯಿಂದ ಕಟ್ಟುವುದು ಜುಲುಮೇ ಹೊರತು ಇನ್ನೇನೂ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಆಶ್ರಯ ಕೇಂದ್ರದಲ್ಲಿ ಬೆಂಕಿ ಬಿದ್ದಾಗ ಸರಪಣಿಯಿಂದ ಕಟ್ಟಲ್ಪಟ್ಟಿದ್ದ ಮಾನಸಿಕ ರೋಗಿಗಳು ಓಡಲಾಗದೆ ಬೆಂದುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಅವರ ಮನೆಯವರೇ, ಅಲ್ಲಿನ ದರ್ಗಾದಲ್ಲಿ ಗುಣವಾಗುತ್ತದೆಂಬ ನಂಬಿಕೆಯಿಂದ. ಅವರಲ್ಲಿ ಯಾರದೋ ಪತಿ, ಯಾರದೋ ಪತ್ನಿ ಇದ್ದಿರಲೇಬೇಕು.

ಅಪಸ್ಮಾರದಿಂದ ಬೀಳುತ್ತಿದ್ದ ಒಬ್ಬ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಬಂದು, ಬೀಳುವಾಗ ತನ್ನ ಬಟ್ಟೆ ಸರಿಯುತ್ತದೆಂದು ದುಃಖ ತೋಡಿಕೊಂಡ ಘಟನೆ ಬುಖಾರಿ ಹಾಗೂ ಮುಸ್ಲಿಮ್‌ನಲ್ಲಿದೆ. ಸಹನೆ ವಹಿಸಿದರೆ ಸ್ವರ್ಗವಿದೆ, ಬೇಕೆಂದರೆ ಗುಣಕ್ಕಾಗಿ ಪ್ರಾರ್ಥಿಸುತ್ತೇನೆ ಎಂದು ಅವರು ತಿಳಿಸಿದಾಗ ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ತನ್ನ ಬಟ್ಟೆ ಸರಿಯದಂತೆ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ಹಾಗೆಯೇ ಪ್ರಾರ್ಥಿಸಿದರು. ರೋಗಿಗೆ ರೋಗಕ್ಕಿಂತ ಮಾನವೇ ದೊಡ್ಡ ಚಿಂತೆಯಾಗಿರಬಹುದೆಂಬುದನ್ನು ಈ ಹದೀಸಿನಿಂದ ಅರಿಯಬೇಕು. ಪತಿ-ಪತ್ನಿಯರು ಪರಸ್ಪರ ಉಡುಪಾಗಿದ್ದಾರೆಂದು ಪವಿತ್ರ ಕುರ್‌ಆನ್ ಸೂರಃ ಅಲ್ ಬಕರಃದಲ್ಲಿ ತಿಳಿಸಿದೆ. ಗೊಂದಲದಲ್ಲಿರುವ ಗಂಡ ಲುಂಗಿ ಬಿಚ್ಚಿಕೊಂಡು ಹೊರಬಂದುದನ್ನು, ಹೆಂಡತಿ ಯಾರನ್ನೋ ಬೈದುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಬಂಧುಗಳಿಗೆ ಕಳುಹಿಸುವುದು ಆ ಉಡುಪನ್ನು ಹರಿದು ಹಾಕಿದಂತೆ. ವೈದ್ಯರಿಗೆ ತೋರಿಸಲು ಬೇಕಾದರೆ ಇಟ್ಟುಕೊಳ್ಳಿರಿ, ತೋರಿಸಿ ಅಳಿಸಿಬಿಡಿರಿ.

ಅವರ ಮಾತು, ನಮಾಝು, ಸಹಿ

ಗೊಂದಲದಲ್ಲಿದ್ದವರು ಏನೇನೋ ಆಡುತ್ತಾರೆ. ನಲವತ್ತು ವರ್ಷ ಬಾಳಿದ ಹೆಂಡತಿಯನ್ನು ಕಳ್ಳಿ ಎನ್ನುತ್ತಾರೆ. ಒಮ್ಮೊಮ್ಮೆ ತಲಾಕಿನ ಮಾತೂ ಬಾಯಿಂದ ಬೀಳುತ್ತದೆ. ಇದನ್ನು ಕೇಳಿದ ಕೆಲವರು ಆ ವೃದ್ಧೆಯನ್ನು ಮನೆಯಿಂದ ಹೊರಡಿಸಲು ಮುಂದಾಗುತ್ತಾರೆ! ಮಲಗಿದವನು ಏಳುವವರೆಗೆ, ಮಗು ಪ್ರಾಯಕ್ಕೆ ಬರುವವರೆಗೆ, ಬುದ್ಧಿ ಕಳೆದುಕೊಂಡವನಿಗೆ ಅದು ಮರಳುವವರೆಗೆ ಲೇಖನಿ ಎತ್ತಲ್ಪಟ್ಟಿದೆ, ಅಂದರೆ ಅವರ ಮೇಲೆ ಕರ್ಮಗಳ ದಾಖಲೆಯಿಲ್ಲ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಅಬೂದಾವೂದ್, ತಿರ್ಮಿದಿ). ಬುದ್ಧಿ ಸ್ಥಿಮಿತದಲ್ಲಿಲ್ಲದವನ ತಲಾಕ್ ಸಂಭವಿಸುವುದಿಲ್ಲವೆಂದು ಫುಕಹಾಗಳು ಬರೆದಿದ್ದಾರೆ. ಆದ್ದರಿಂದ ಸಹೋದರಿಯರೇ, ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಅದನ್ನು ಆಡಿದವರು ನಿಮ್ಮ ಗಂಡನಲ್ಲ, ಅವರ ರೋಗ. ಸಂಶಯ ಉಳಿದರೆ ವೈದ್ಯರ ಚೀಟಿಯೊಂದಿಗೆ ಉಲಮಾಗಳನ್ನು ಕಾಣಿರಿ.

ನಮಾಝಿನ ಬಗ್ಗೆಯೂ ಹಲವರಿಗೆ ಕಳವಳವಿರುತ್ತದೆ. ಪ್ರಜ್ಞೆ ಅಥವಾ ಬುದ್ಧಿ ಇಲ್ಲದ ಸ್ಥಿತಿ ಒಂದು ಹಗಲು ಮತ್ತು ರಾತ್ರಿಗಿಂತ ಹೆಚ್ಚು ಕಾಲ ಇದ್ದರೆ ಆ ನಮಾಝುಗಳ ಕಝಾ ಇಲ್ಲ, ಅದಕ್ಕಿಂತ ಕಡಿಮೆಯಿದ್ದರೆ ಗುಣವಾದ ಮೇಲೆ ಕಝಾ ನಿರ್ವಹಿಸಬೇಕು ಎಂಬುದು ಹನಫಿಗಳ ಅಭಿಪ್ರಾಯ. ರಕಅತ್ ಎಷ್ಟಾಯಿತು, ಸಜ್ದಾ ಎಷ್ಟಾಯಿತು ಎಂಬುದೇ ನಿಲ್ಲದ ರೋಗಿಗೆ ನಮಾಝ್ ನಿರ್ವಹಿಸುವ ಬಾಧ್ಯತೆಯಿಲ್ಲ, ಆದರೆ ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಹೇಳಿಕೊಟ್ಟು ಮಾಡಿಸಿದರೆ ಅದು ಸಲ್ಲಬೇಕು ಎಂಬ ಮಾತೂ ಹನಫಿ ಗ್ರಂಥಗಳಲ್ಲಿದೆ. ಎಂಥ ಸೂಕ್ಷ್ಮವಾದ ಕರುಣೆ! ಜೀವನವಿಡೀ ನಮಾಝ್ ಮಾಡಿದ ನಾಲಿಗೆ ಅದನ್ನು ಸುಲಭದಲ್ಲಿ ಮರೆಯುವುದಿಲ್ಲ. ಮಗನ ಹೆಸರು ಮರೆತವರೂ ಅಝಾನ್ ಕೇಳಿದೊಡನೆ ತಲೆಗೆ ಟೋಪಿ ಹುಡುಕುತ್ತಾರೆ. ಪತ್ನಿ ಪಕ್ಕದಲ್ಲಿ ಕುಳಿತು, "ಈಗ ರುಕೂ ಮಾಡ್ರಿ, ಈಗ ಸಜ್ದಾ ಮಾಡ್ರಿ" ಎಂದು ಮೆಲ್ಲಗೆ ಹೇಳಿಕೊಡುವುದರಲ್ಲಿ ಆಕೆಗೂ ಪುಣ್ಯದ ಪಾಲಿದೆಯೆಂದು ಆಶಿಸೋಣ.

ಸಹಿಯ ವಿಷಯದಲ್ಲಿ ಮಾತ್ರ ಕಟುವಾಗಿಯೇ ಹೇಳಬೇಕಾಗಿದೆ. ನೀರಾವರಿ ಬಂದ ಮೇಲೆ ನಮ್ಮ ಭಾಗದ ಹೊಲಗಳ ಬೆಲೆ ಏರಿದೆ. ತಂದೆಯ ನೆನಪು ಹೋಗುತ್ತಿದೆಯೆಂದು ತಿಳಿದ ಕೂಡಲೇ ಆಸ್ಪತ್ರೆಗೆ ಓಡದ ಮಗ ಉತಾರಿ ಹಿಡಿದುಕೊಂಡು ನೋಂದಣಿ ಕಚೇರಿಗೆ ಓಡುತ್ತಾನೆ. ಮಂಚದ ಮೇಲಿದ್ದವರ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುತ್ತಾರೆ. ಸಾಲ ಪಡೆದವನು ಬುದ್ಧಿಹೀನನೋ ದುರ್ಬಲನೋ ಆಗಿದ್ದು ತಾನೇ ಹೇಳಿ ಬರೆಸಲಾರದಿದ್ದರೆ ಅವನ ಪೋಷಕನು ನ್ಯಾಯದಿಂದ ಬರೆಸಬೇಕೆಂದು ಸೂರಃ ಅಲ್ ಬಕರಃದ 282ನೆಯ ಸೂಕ್ತದಲ್ಲಿದೆ. ಪೋಷಕನಿರುವುದು ಅವನ ಹಕ್ಕನ್ನು ಕಾಯಲು, ಕಬಳಿಸಲು ಅಲ್ಲ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯಿದೆಯ ಪ್ರಕಾರ ಕರಾರು ಮಾಡುವ ಗಳಿಗೆಯಲ್ಲಿ ಅದನ್ನು ಅರಿತು ತನ್ನ ಹಿತವನ್ನು ತೂಗಿ ನೋಡಲಾರದವನು ಕರಾರು ಮಾಡಲು ಅರ್ಹನಲ್ಲ. ಮಹ್ರ್ ಬಾಕಿಯಿದ್ದರೆ, ಯಾರಿಗಾದರೂ ಸಾಲ ಕೊಡಬೇಕಾಗಿದ್ದರೆ, ವಸಿಯ್ಯತ್ ಬರೆಯಬೇಕಾಗಿದ್ದರೆ ಬುದ್ಧಿ ಸರಿಯಿರುವ ಇಂದೇ ಬರೆದಿಡಿರಿ.

ನೆನಪು ಮರಳದಿದ್ದರೆ?

ಎಲ್ಲರ ನೆನಪೂ ಮರಳುವುದಿಲ್ಲ. ಹಠಾತ್ ಗೊಂದಲಕ್ಕೆ ಒಳಗಾದ ಕೆಲವರಲ್ಲಿ ಅದಕ್ಕಿಂತ ಮೊದಲೇ ಮರೆವಿನ ಕಾಯಿಲೆ ಒಳಗೊಳಗೇ ಬೆಳೆದಿರುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಎಲ್ಲವನ್ನೂ ಅರಿತಿದ್ದ ಬಳಿಕ ಏನನ್ನೂ ಅರಿಯದಂತಾಗುವ ನಿಕೃಷ್ಟ ವಯಸ್ಸಿಗೆ ಕೆಲವರು ಮರಳಿಸಲ್ಪಡುತ್ತಾರೆಂದು ಸೂರಃ ಅನ್ನಹ್ಲ್ ತಿಳಿಸುತ್ತದೆ. ಅಂಥ ವಯಸ್ಸಿನಿಂದ ಪ್ರವಾದಿವರ್ಯರೂ(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು (ಬುಖಾರಿ). ಅದು ಯಾರ ಪಾಪದ ಫಲವೂ ಅಲ್ಲ, ಮಾನವ ಜೀವನದ ಒಂದು ಹಂತ.

ವಿಜಯಪುರದ ಗೋಲಗುಮ್ಮಟವನ್ನು ನೋಡದವರು ನಮ್ಮಲ್ಲಿಲ್ಲ. ಅದರಡಿಯಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ್ 1646ರ ಸುಮಾರಿಗೆ ಗಂಭೀರವಾಗಿ ಕಾಯಿಲೆ ಬಿದ್ದು 1656ರಲ್ಲಿ ತೀರಿಕೊಂಡನು. ಅದು ನೆನಪಿನ ಕಾಯಿಲೆಯೆಂದು ಇತಿಹಾಸ ಹೇಳುವುದಿಲ್ಲ. ಆದರೆ ಆ ಹತ್ತು ವರ್ಷ ರಾಜ್ಯದ ಆಡಳಿತದ ಹೊಣೆ ಹೊತ್ತವಳು ಅವನ ರಾಣಿ, ಗೋಲ್ಕೊಂಡದಿಂದ ಸೊಸೆಯಾಗಿ ಬಂದ ಖದೀಜಾ ಸುಲ್ತಾನಾ, ಜನ ಬಡೀ ಸಾಹಿಬಾ ಎನ್ನುತ್ತಿದ್ದವಳು. ನಾವು ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತೇವೆ. ಆ ಹತ್ತು ವರ್ಷಗಳ ಬಗ್ಗೆ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ರಾಣಿಗೆ ಸೇವಕರಿದ್ದರು. ನಮ್ಮ ಮನೆಯ ಹೆಣ್ಣುಮಗಳಿಗೆ ಯಾರಿದ್ದಾರೆ? ರಾತ್ರಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡಬೇಕು. ಕನ್ನಡಕ ಹಾಕಿಸಬೇಕು, ಕೋಣೆಯಲ್ಲಿ ಚಿಕ್ಕದೊಂದು ದೀಪ ಉರಿಸಿಡಬೇಕು, ಕೇಳಿದ್ದಕ್ಕೆ ಮತ್ತೆ ಮತ್ತೆ ಉತ್ತರಿಸಬೇಕು. ಸತ್ತ ಅಣ್ಣನನ್ನು ಕೇಳಿದಾಗ ವಾದ ಮಾಡದೆ, "ಅವರು ಭಾಳ ಛಲೋ ಮನುಷ್ಯಾ ಇದ್ರು, ಅವರ ಸುದ್ದಿ ಹೇಳ್ರಿ" ಎಂದು ಮಾತನ್ನು ಬೇರೆ ಕಡೆಗೆ ತಿರುಗಿಸಬೇಕು. ಇದೆಲ್ಲ ಒಂದು ದಿನದ ಕೆಲಸವಲ್ಲ. ಆಕೆಗೂ ಮಂಡಿನೋವಿದೆ, ರಕ್ತದೊತ್ತಡವಿದೆ. ಸಬ್ರ್ ಮಾಡು ಎಂದು ಉಪದೇಶಿಸಿ ಚಹಾ ಕುಡಿದು ಹೋಗುವ ಬಂಧುಗಳಿಂದ ಆಕೆಯ ನಿದ್ರೆ ಒಂದು ಗಳಿಗೆಯೂ ಹೆಚ್ಚುವುದಿಲ್ಲ. ಗಂಡಸರಿಗೂ ಒಂದು ಮಾತು: ಹೆಂಡತಿಗೆ ಮರೆವು ಬಂದಾಗ "ಮನೆ ನೋಡಿಕೊಳ್ಳುವವರಿಲ್ಲ" ಎಂದು ಇನ್ನೊಂದು ಮದುವೆಯ ಮಾತೆತ್ತುವ ಮೊದಲು, ನಿಮಗೇ ಮರೆವು ಬಂದಿದ್ದರೆ ಆಕೆ ಏನು ಮಾಡುತ್ತಿದ್ದಳೆಂದು ಯೋಚಿಸಿರಿ. ತಮ್ಮ ಮನೆಯವರ ಪಾಲಿಗೆ ಉತ್ತಮನಾದವನೇ ನಿಮ್ಮಲ್ಲಿ ಉತ್ತಮನೆಂದು ಪ್ರವಾದಿವರ್ಯರು(ಸ) ಹೇಳಿದ್ದು ಗಂಡಸರನ್ನು ಕುರಿತೇ.

ಮದೀನಾದಲ್ಲಿ ಬುದ್ಧಿಯಲ್ಲಿ ಏನೋ ಕೊರತೆಯಿದ್ದ ಒಬ್ಬ ಮಹಿಳೆಯಿದ್ದರು. ತನಗೆ ತಮ್ಮಿಂದ ಒಂದು ಕೆಲಸವಾಗಬೇಕೆಂದು ಆಕೆ ಪ್ರವಾದಿವರ್ಯರನ್ನು(ಸ) ಕೇಳಿದರು. ಯಾವ ಬೀದಿಯಲ್ಲಿ ಬೇಕೋ ಅಲ್ಲಿ ನಿಲ್ಲು, ನಿನ್ನ ಕೆಲಸವನ್ನು ಮಾಡಿಕೊಡುತ್ತೇನೆ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಆಕೆಯೊಂದಿಗೆ ಬೀದಿಗೆ ಹೋಗಿ, ಆಕೆಯ ಮಾತು ಮುಗಿಯುವವರೆಗೂ ಇದ್ದರು. ಹ. ಅನಸ್(ರ) ವರದಿ ಮಾಡಿದ ಈ ಘಟನೆ ಮುಸ್ಲಿಮ್‌ನಲ್ಲಿದೆ. ಒಂದು ಇಡೀ ಸಮುದಾಯದ ನಾಯಕರಿಗೆ ಅದಕ್ಕೆ ಸಮಯವಿತ್ತು.

ನಮ್ಮ ಮೊಹಲ್ಲಾದಲ್ಲಿ ಅಂಥ ಮನೆ ಯಾವುದೆಂದು ನಮಗೆಲ್ಲ ಗೊತ್ತಿದೆ. ಶುಕ್ರವಾರ ಜುಮಾ ಮುಗಿಸಿ ಬರುವಾಗ ಒಬ್ಬರು ಆ ಬಾಗಿಲು ತಟ್ಟಿ, "ಭಾಭೀ, ಅಸರ್ ತನಕ ಭಾಯಿಸಾಬರ ಕೂಡ ನಾ ಕುಂದರ್ತೀನಿ, ನೀವು ಒಂದಿಷ್ಟು ಮಲಗ್ರಿ" ಎನ್ನಲಿ. ಮರುವಾರ ಇನ್ನೊಬ್ಬರು. ವಾರಕ್ಕೊಮ್ಮೆ ಯಾರಾದರೂ ಹುಡುಗರು ಅವರ ಗುಳಿಗೆ ತಂದುಕೊಡಲಿ. ಅವರು ದಾರಿ ತಪ್ಪಿ ಬಸ್ ನಿಲ್ದಾಣದ ಕಡೆ ನಡೆದರೆ ಕೈಹಿಡಿದು ಮನೆಗೆ ತಲುಪಿಸಲು ಚಹಾ ಅಂಗಡಿಯವರಿಗೂ ರಿಕ್ಷಾದವರಿಗೂ ತಿಳಿಸಿಡಿರಿ. ಅವರ ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿಯೊಂದಿರಲಿ.